ರೌಡಿ, ಪುಂಡ, ಗೂಂಡಾ, ಕಿಡಿಗೇಡಿ: ಯಾರಿಗೆ ಯಾವ ಪದ?

ನ್ಯೂಜೆರ್ಸಿಯಲ್ಲಿರುವ ತಂಗಿ ಒಂದು ಬೆಳಗ್ಗೆ ಫೋನ್ ಮಾಡಿದವಳು ಮಾತೇ ಆಡದೆ ಸುಮ್ಮನಿದ್ದಳು. ಏನಾಯಿತೆಂದು ಎರಡು ಸಲ ಕೇಳಿದ ಮೇಲೆ, ‘ಅಣ್ಣಾ, ಶಾಲೆಯಲ್ಲಿ ಇವನನ್ನು ರೌಡಿ ಎಂದು ಬರೆದು ಕಳುಹಿಸಿದ್ದಾರೆ’ ಎಂದಳು. ಇವನು ಎಂದರೆ ಆರು ವರ್ಷದ ನನ್ನ ಸೋದರಳಿಯ. ಚೀಟಿಯ ಫೋಟೊ ತರಿಸಿಕೊಂಡು ನೋಡಿದೆ. ಊಟದ ಹೊತ್ತಿನಲ್ಲಿ ಹುಡುಗ ಸ್ವಲ್ಪ ‘ರೌಡಿ’ಯಾಗಿದ್ದ, ಮನೆಯಲ್ಲಿ ಒಮ್ಮೆ ತಿಳಿಹೇಳಿ ಎಂದು ಶಿಕ್ಷಕಿ ಒಂದೇ ಸಾಲು ಬರೆದಿದ್ದರು. ಸಾಲಿನ ಕೊನೆಗೆ ನಗುವ ಮುಖವೊಂದನ್ನೂ ಬಿಡಿಸಿದ್ದರು. ತಂಗಿಗೆ ಆ ನಗುಮುಖ ಕಂಡೇ ಇರಲಿಲ್ಲ. ಅವಳ ಕಣ್ಣೆದುರು ನಿಂತಿದ್ದವನು ನಾವು ಬೆಳೆದ ಬೀದಿಯ ರೌಡಿ. ಲುಂಗಿ ಎತ್ತಿ ಕಟ್ಟಿಕೊಂಡು ಅಂಗಡಿ ಅಂಗಡಿಗೂ ಹೋಗಿ ಮಾಮೂಲಿ ವಸೂಲು ಮಾಡುತ್ತಿದ್ದವನು. ಅವನು ಎದುರಾದರೆ ಅಪ್ಪ ನಮ್ಮ ಕೈ ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು.

ಶಿಕ್ಷಕಿ ಹೇಳಿದ್ದು ಹುಡುಗ ಊಟ ಮಾಡುವಾಗ ಬಹಳ ಗಲಾಟೆ ಮಾಡಿದ ಎಂದು. ನಮ್ಮೂರಿನ ಮೇಷ್ಟ್ರಾಗಿದ್ದರೆ ‘ತುಂಟತನ ಸ್ವಲ್ಪ ಜಾಸ್ತಿಯಾಗಿದೆ’ ಎನ್ನುತ್ತಿದ್ದರು. ಇದನ್ನು ತಂಗಿಗೆ ಬಿಡಿಸಿ ಹೇಳಿದಾಗ ಅವಳ ಉಸಿರು ಸಡಿಲವಾದದ್ದು ಫೋನಿನಲ್ಲೇ ಕೇಳಿಸಿತು.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕನ್ನಡ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವುದೇ ನನ್ನ ಕೆಲಸ. ಅಂಕೆ ತಪ್ಪಿದ ನಡವಳಿಕೆಯನ್ನು ಹೇಳುವ ಇಂಗ್ಲಿಷ್ ಪದಗಳು ಪ್ರತಿ ರಾತ್ರಿ ಎದುರಾಗುತ್ತವೆ. ಅವಸರದಲ್ಲಿ ಎಲ್ಲದಕ್ಕೂ ‘ಗಲಾಟೆ’ ಎಂದೋ, ಎಲ್ಲರಿಗೂ ‘ರೌಡಿ’ ಎಂದೋ ಬರೆದು ಮುಗಿಸುವುದು ಸುಲಭ. ಆದರೆ ಪದ ಒಂದು ತೂಕ ಹೆಚ್ಚಾದರೆ ಯಾರದೋ ಮನೆತನದ ಹೆಸರಿಗೆ ಮಸಿ ಬೀಳುತ್ತದೆ, ಒಂದು ತೂಕ ಕಡಿಮೆಯಾದರೆ ಪೆಟ್ಟು ತಿಂದವನ ನೋವು ಮುಚ್ಚಿಹೋಗುತ್ತದೆ. ಯಾವ ಸಂದರ್ಭಕ್ಕೆ ಯಾವ ಪದ ಎಂದು ನಾನು ಹೇಗೆ ತೂಗುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಸುದ್ದಿ ಬರೆಯುವವರಿಗೆ, ಅನುವಾದ ಮಾಡುವವರಿಗೆ, ವಿದೇಶದ ಶಾಲೆಯಿಂದ ಇಂಥ ಚೀಟಿ ಬಂದು ಕಂಗಾಲಾದ ಅಪ್ಪ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಬಹುದು.

ಇಂಗ್ಲಿಷಿನ ರೌಡಿ, ಕನ್ನಡದ ರೌಡಿ

ಎರಡೂ ಒಂದೇ ಪದ. ಅರ್ಥದಲ್ಲಿ ಮಾತ್ರ ಅಜಗಜಾಂತರ. ಈ ಪದ ಹುಟ್ಟಿದ್ದು 19ನೇ ಶತಮಾನದ ಆರಂಭದ ಅಮೆರಿಕದಲ್ಲಿ, ಕಾಡಂಚಿನ ಪ್ರದೇಶದ ಒರಟ ಮನುಷ್ಯನನ್ನು ಸೂಚಿಸುವ ನಾಮಪದವಾಗಿ. ಜಗಳ, ಗದ್ದಲ ಎಂಬ ಅರ್ಥದ ‘ರೌ’ ಎಂಬ ಪದದಿಂದ ಬಂದಿರಬಹುದು ಎನ್ನುತ್ತಾರೆ. ಆಮೇಲೆ ಅಲ್ಲಿ ಅದು ಹೆಚ್ಚಾಗಿ ಗುಣವಾಚಕವಾಗಿ ಬಳಕೆಗೆ ಬಂತು. ಇವತ್ತು ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಹುಟ್ಟುಹಬ್ಬದ ಕೂಟ ರೌಡಿಯಾಗಿರಬಹುದು, ಕ್ರೀಡಾಂಗಣದ ಜನ ರೌಡಿಯಾಗಿರಬಹುದು, ಮಳೆಗೆ ಮನೆಯೊಳಗೇ ಉಳಿದ ಮಕ್ಕಳೂ ರೌಡಿಯಾಗಿರಬಹುದು. ಸದ್ದು ಹೆಚ್ಚು, ಶಿಸ್ತು ಕಡಿಮೆ ಎಂಬುದಷ್ಟೇ ತಾತ್ಪರ್ಯ. ಆ ಹೊತ್ತು ಕಳೆದರೆ ಆ ಗುಣವೂ ಕಳೆಯಿತು. ಮನುಷ್ಯನನ್ನೇ ‘ರೌಡಿ’ ಎಂದು ಕರೆಯುವ ಹಳೆಯ ಬಳಕೆ ನಿಘಂಟಿನಲ್ಲಿ ಉಳಿದಿದ್ದರೂ ಮಾತಿನಲ್ಲಿ ಅಪರೂಪ.

ದಕ್ಷಿಣ ಭಾರತಕ್ಕೆ ಬಂದ ಪದ ನಾಮಪದವಾಗಿಯೇ ಉಳಿಯಿತು, ಉಳಿದು ಭಾರವಾಯಿತು. ಕನ್ನಡ, ತೆಲುಗು, ತಮಿಳು, ಮಲಯಾಳ ನಾಲ್ಕರಲ್ಲೂ ರೌಡಿ ಎಂದರೆ ಹೊಡೆದಾಟ, ಬೆದರಿಕೆ, ವಸೂಲಿಯನ್ನೇ ಬದುಕು ಮಾಡಿಕೊಂಡ ಮನುಷ್ಯ. ಹಿಂದಿಯಲ್ಲಿ ಈ ಜಾಗವನ್ನು ‘ಗುಂಡಾ’ ತುಂಬಿದ್ದರಿಂದ ಅಲ್ಲಿ ರೌಡಿಗೆ ಅಷ್ಟು ಬೇರು ಬಿಡಲಾಗಲಿಲ್ಲ. ಹೀಗಾಗಿ ಇಂಗ್ಲಿಷ್ ಪ್ರತಿಯಲ್ಲಿ ‘ರೌಡಿ’ ಎಂದು ಕಂಡ ಕೂಡಲೇ ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಬೇಡಿ. ಇಂಗ್ಲೆಂಡಿನ ಕ್ರಿಕೆಟ್ ಮೈದಾನದಲ್ಲಿ ಒಂದು ಕಡೆಯ ಪ್ರೇಕ್ಷಕರು ‘ರೌಡಿ’ಯಾಗಿದ್ದರು ಎಂದು ವರದಿ ಬಂದರೆ ಕನ್ನಡದಲ್ಲಿ ಅದು ‘ಪ್ರೇಕ್ಷಕರು ಕೂಗಾಡಿದರು’, ‘ಗದ್ದಲವೆಬ್ಬಿಸಿದರು’ ಎಂದಾಗಬೇಕು. ‘ಮೈದಾನದಲ್ಲಿ ರೌಡಿಗಳು’ ಎಂದು ಬರೆದರೆ ನಮ್ಮ ಓದುಗ ಮಚ್ಚು ಲಾಂಗುಗಳನ್ನು ಕಲ್ಪಿಸಿಕೊಳ್ಳುತ್ತಾನೆ.

ರೌಡಿ ಶೀಟರ್ ಎಂದು ಬರೆಯುವ ಮುನ್ನ

‘ರೌಡಿ ಶೀಟರ್’ ಪಕ್ಕಾ ನಮ್ಮ ನೆಲದ ಪದ. ಲಂಡನ್ನಿನಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಪೊಲೀಸ್ ಕೈಪಿಡಿಯ ನಿಯಮದಂತೆ ಠಾಣೆಯಲ್ಲಿ ಒಬ್ಬನ ಹೆಸರಿನಲ್ಲಿ ತೆರೆಯುವ ನಿಗಾ ದಾಖಲೆಯೇ ರೌಡಿ ಶೀಟ್. ಅದು ನ್ಯಾಯಾಲಯದ ತೀರ್ಪಲ್ಲ ಎಂಬುದನ್ನು ಬರೆಯುವವರು ಮೇಲಿಂದ ಮೇಲೆ ಮರೆಯುತ್ತಾರೆ. ಯಾವ ಪ್ರಕರಣದಲ್ಲೂ ಶಿಕ್ಷೆಯಾಗದವನ ಹೆಸರೂ ಆ ಪಟ್ಟಿಯಲ್ಲಿರಬಹುದು. ಹೆಸರು ಸೇರಿಸುವ ಮುನ್ನ ನೋಟಿಸ್ ಕೊಟ್ಟು ಆ ವ್ಯಕ್ತಿಯ ಮಾತು ಕೇಳಬೇಕೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದ್ದು ಈ ಕಾರಣಕ್ಕೇ. ಒಮ್ಮೆ ಶೀಟ್ ತೆರೆದರೆ ಹಬ್ಬ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕರೆ ಬರುತ್ತದೆ, ಪರೇಡಿನಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಆದ್ದರಿಂದ ‘ರೌಡಿ ಶೀಟರ್’ ಎಂದು ಬರೆಯುವುದು ಪೊಲೀಸರು ಅಧಿಕೃತವಾಗಿ ಹಾಗೆ ಹೇಳಿದಾಗ ಮಾತ್ರ. ಆಗಲೂ ‘ರೌಡಿ ಪಟ್ಟಿಯಲ್ಲಿ ಹೆಸರಿರುವ’ ಎಂದು ಬರೆದರೆ ಇನ್ನೂ ಉತ್ತಮ. ಅದು ಇರುವ ಸಂಗತಿಯನ್ನು ಇರುವಷ್ಟೇ ಹೇಳುತ್ತದೆ. ಪಟ್ಟಿಯಲ್ಲಿಲ್ಲದವನನ್ನು, ಬಾರಿನ ಮುಂದೆ ಒಮ್ಮೆ ಬಡಿದಾಡಿದ ಎಂಬ ಕಾರಣಕ್ಕೆ, ರೌಡಿ ಎನ್ನುವ ಅಧಿಕಾರ ನಮಗಿಲ್ಲ. ಅವನು ಬಡಿದಾಡಿದ ಎಂದು ಬರೆಯೋಣ. ಮಾಡಿದ್ದನ್ನು ಹೇಳಲು ಕ್ರಿಯಾಪದವಿದೆ. ಅದನ್ನು ಬಿಟ್ಟು ನಾಮಪದ ತೊಡಿಸಿದರೆ ಅದು ಹಚ್ಚೆಯಂತೆ ಮೈಗೆ ಅಂಟಿಬಿಡುತ್ತದೆ.

ಗೂಂಡಾ

ರೌಡಿಗೂ ಗೂಂಡಾಗೂ ಮಾತಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ರೌಡಿ ತನಗಾಗಿ ಬಡಿಯುತ್ತಾನೆ, ಗೂಂಡಾ ಇನ್ನೊಬ್ಬರ ಪರವಾಗಿ ಬಡಿಯುತ್ತಾನೆ ಎಂಬ ಛಾಯೆ ನನ್ನ ಕಿವಿಗೆ ಕೇಳಿಸುತ್ತದೆ. ‘ಗೂಂಡಾಗಳನ್ನು ಕರೆಸಿ ಮನೆ ಖಾಲಿ ಮಾಡಿಸಿದರು’ ಎನ್ನುವುದು ರೂಢಿ. ‘ರೌಡಿಗಳನ್ನು ಬಿಟ್ಟು ಹೊಡೆಸಿದರು’ ಎಂದೂ ಹೇಳುವವರಿರುವುದರಿಂದ ಇದನ್ನು ನಿಯಮವೆಂದು ಹಿಡಿಯಬೇಡಿ.

ಕಾನೂನಿನಲ್ಲಿ ಮಾತ್ರ ಗೂಂಡಾ ಪದಕ್ಕೆ ಗೆರೆ ಎಳೆದಿಟ್ಟ ಅರ್ಥವಿದೆ. ನಾವು ‘ಗೂಂಡಾ ಕಾಯ್ದೆ’ ಎಂದು ಚುಟುಕಾಗಿ ಕರೆಯುವ 1985ರ ಕರ್ನಾಟಕದ ಕಾಯ್ದೆ ಕಳ್ಳಭಟ್ಟಿಯವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು, ಕೊಳೆಗೇರಿ ಜಾಗ ಕಬಳಿಸುವವರು ಹೀಗೆ ಹಲವರಿಗೆ ಅನ್ವಯವಾಗುತ್ತದೆ. ಅದರಲ್ಲಿ ಗೂಂಡಾ ಎಂದರೆ ಒಂಟಿಯಾಗಿಯೋ ತಂಡದಲ್ಲೋ ಕೆಲವು ಬಗೆಯ ಅಪರಾಧಗಳನ್ನು ಮತ್ತೆ ಮತ್ತೆ ಮಾಡುವ ಚಾಳಿಯವನು. ಚಾಳಿ ಎಂಬುದು ಮುಖ್ಯ, ಒಂದು ಸಲದ ಜಗಳ ಸಾಲದು. ಈ ಕಾಯ್ದೆಯಡಿ ವಿಚಾರಣೆಯಿಲ್ಲದೆಯೇ 12 ತಿಂಗಳವರೆಗೆ ಬಂಧನದಲ್ಲಿಡಬಹುದು. ಗಾಂಜಾ ಮಾರುತ್ತಿದ್ದ ಆರೋಪದ ಮೇಲೆ ಒಬ್ಬನನ್ನು ಇದರಡಿ ಬಂಧಿಸಿದರೆ ‘ಗೂಂಡಾ ಬಂಧನ’ ಎಂಬ ತಲೆಬರಹ ತಪ್ಪು. ‘ಗೂಂಡಾ ಕಾಯ್ದೆಯಡಿ ಬಂಧನ’ ಸರಿ. ಒಂದೇ ಒಂದು ಪದ ಉಳಿಸಲು ಹೋಗಿ ಎಷ್ಟು ಸಲ ಈ ತಪ್ಪು ಅಚ್ಚಾಗಿದೆಯೋ!

ಪುಂಡ

ಈ ಪದದ ಮೇಲೆ ನನಗೆ ವಿಶೇಷ ಪ್ರೀತಿ. ಇಂಗ್ಲಿಷಿನ ರೌಡಿಗೆ ಕನ್ನಡದಲ್ಲಿ ತೀರಾ ಹತ್ತಿರ ಬರುವುದು ಪುಂಡನೇ. ಪುಂಡನಲ್ಲಿ ವಯಸ್ಸಿನ ಬಿಸಿ ಇದೆ, ಕೊಬ್ಬು ಇದೆ, ಯಾರಿಗೂ ಬಗ್ಗದ ಸೊಕ್ಕು ಇದೆ. ಅಪರಾಧ ಇರಲೇಬೇಕೆಂದಿಲ್ಲ. ರಾತ್ರಿ ಸೈಲೆನ್ಸರ್ ಕಿತ್ತ ಬೈಕಿನಲ್ಲಿ ವ್ಹೀಲಿ ಮಾಡುತ್ತ ಬಡಾವಣೆಯ ನಿದ್ದೆ ಕೆಡಿಸುವ ಹುಡುಗರು ಪುಂಡರು. ಅವರು ಮಾಡುವುದು ಪುಂಡಾಟ. ನಾಳೆ ಬುದ್ಧಿ ಬರಬಹುದು ಎಂಬ ಆಸೆಗೆ ಈ ಪದದಲ್ಲಿ ಜಾಗವಿದೆ, ‘ರೌಡಿ’ಯಲ್ಲಿ ಅದಿಲ್ಲ.

ಹಾಸನ, ಕೊಡಗಿನ ಕಾಫಿ ತೋಟಗಳಿಗೆ ನುಗ್ಗಿ ಜನರ ಮೇಲೆರಗುವ ಸಲಗವನ್ನು ನಾವು ‘ಪುಂಡಾನೆ’ ಎನ್ನುತ್ತೇವೆ. ‘ರೌಡಿ ಆನೆ’ ಎಂದು ಯಾರೂ ಗಂಭೀರವಾಗಿ ಬರೆಯುವುದಿಲ್ಲ. ಏಕೆಂದರೆ ಆನೆಗೆ ದುರುದ್ದೇಶವಿಲ್ಲ, ಇರುವುದು ಅಂಕೆ ಮೀರಿದ ಬಲ. ಕರಾವಳಿಗೆ ಹೋದರೆ ಇದೇ ಪದಕ್ಕೆ ಗೌರವದ ಸ್ಥಾನವಿದೆ. ಯಕ್ಷಗಾನದಲ್ಲಿ ಅಭಿಮನ್ಯು, ಬಭ್ರುವಾಹನರಂಥ ಎಳೆ ವಯಸ್ಸಿನ ವೀರರ ಪಾತ್ರಕ್ಕೆ ‘ಪುಂಡುವೇಷ’ ಎಂದು ಹೆಸರು. ರಂಗದ ತುಂಬ ಗಿರಗಿರನೆ ತಿರುಗುತ್ತ, ಹಾರುತ್ತ, ಹಿರಿಯರ ಮಾತಿಗೆ ಎದುರಾಡುತ್ತ ಬರುವ ಆ ವೇಷವನ್ನು ಒಮ್ಮೆ ನೋಡಿದವರಿಗೆ ಪುಂಡ ಎಂಬ ಪದದ ಒಳಗಿರುವ ಕಸುವು ಬೇರೆಯಾಗಿ ಹೇಳಿಕೊಡಬೇಕಿಲ್ಲ. ಪುಂಡಾನೆಗಳನ್ನು ಹಿಡಿಯಲು ಹೋಗುವ, ದಸರಾ ಅಂಬಾರಿ ಹೊತ್ತ ಆನೆಯ ಹೆಸರೂ ಅಭಿಮನ್ಯು ಎಂಬುದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಎಚ್ಚರಿಕೆ ಒಂದಿದೆ. ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಪೀಡಿಸಿದವರನ್ನು ‘ಪುಂಡ ಪೋಕರಿಗಳು’, ‘ಬೀದಿ ಕಾಮಣ್ಣರು’ ಎಂದು ಬರೆಯುವ ಹಳೆಯ ಚಾಳಿಯನ್ನು ನಾನು ಬಿಟ್ಟಿದ್ದೇನೆ. ಅಲ್ಲಿ ಈ ಪದಗಳ ಸಲಿಗೆ ಅಪರಾಧವನ್ನು ತುಂಟಾಟದಂತೆ ತೋರಿಸಿಬಿಡುತ್ತದೆ. ‘ಲೈಂಗಿಕ ಕಿರುಕುಳ ನೀಡಿದವರು’ ಎಂದೇ ಬರೆಯಬೇಕು.

ಕಿಡಿಗೇಡಿ, ದುಷ್ಕರ್ಮಿ

ಇಂಗ್ಲಿಷ್ ಪ್ರತಿಗಳಲ್ಲಿ ಬರುವ ‘ಮಿಸ್ಕ್ರಿಯೆಂಟ್ಸ್’ಗೆ ಎರಡೂ ಸಲ್ಲುತ್ತವೆ. ಇಬ್ಬರೂ ಯಾರೆಂದು ಗೊತ್ತಿಲ್ಲದವರು. ಪ್ರತಿಮೆಗೆ ಮಸಿ ಬಳಿದವರು, ಬಸ್ಸಿಗೆ ಕಲ್ಲು ತೂರಿ ಓಡಿದವರು ಕಿಡಿಗೇಡಿಗಳು. ಮನೆಗೆ ನುಗ್ಗಿ ಕೊಲೆ ಮಾಡಿದವರು ದುಷ್ಕರ್ಮಿಗಳು. ಕೊಲೆಗಾರರನ್ನು ಕಿಡಿಗೇಡಿ ಎಂದರೆ ಸತ್ತವರಿಗೆ ಅವಮಾನ.

2019ರ ಫೆಬ್ರುವರಿಯಲ್ಲಿ ಹಂಪಿಯ ವಿಷ್ಣು ದೇವಾಲಯದ ಬಳಿ ಯುವಕರು ಕಲ್ಲುಕಂಬವನ್ನು ತಳ್ಳಿ ಉರುಳಿಸುವ ವಿಡಿಯೊ ಹರಿದಾಡಿತು. ಅವರು ಯಾರೆಂದು ಗೊತ್ತಾಗುವವರೆಗೆ ಕಿಡಿಗೇಡಿಗಳು, ಸಿಕ್ಕ ಮೇಲೆ ಆರೋಪಿಗಳು, ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿದ ಮೇಲೆ ಅಪರಾಧಿಗಳು. ಅವರ ಕೈಯಿಂದಲೇ ಆ ಕಂಬವನ್ನು ಮತ್ತೆ ನಿಲ್ಲಿಸಲಾಯಿತು. ಇಂಥ ಕೃತ್ಯಕ್ಕೆ ಇಂಗ್ಲಿಷಿನಲ್ಲಿ ‘ವ್ಯಾಂಡಲಿಸಂ’ ಎನ್ನುತ್ತಾರೆ. ಕ್ರಿ.ಶ. 455ರಲ್ಲಿ ರೋಮ್ ನಗರವನ್ನು ಸೂರೆ ಮಾಡಿದ ವ್ಯಾಂಡಲರೆಂಬ ಬುಡಕಟ್ಟಿನವರ ಹೆಸರಿನಿಂದ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕಲಾಕೃತಿಗಳ ನಾಶವನ್ನು ಖಂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ಗ್ರೆಗ್ವಾರ್ 1794ರಲ್ಲಿ ಬಳಕೆಗೆ ತಂದ ಪದದ ಇಂಗ್ಲಿಷ್ ರೂಪವದು. ಕನ್ನಡದಲ್ಲಿ ‘ವಿಧ್ವಂಸಕ ಕೃತ್ಯ’ ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಬಾಂಬು ಇಡುವವರಿಗೆ ಮೀಸಲಾದ ಪದವಾಗಿ ನೆಲೆಗೊಂಡಿದೆ. ಕಂಬ ಉರುಳಿಸಿದರೆ ‘ಕೆಡವಿದರು’, ಗೋಡೆಯ ಮೇಲೆ ಹೆಸರು ಕೆತ್ತಿದರೆ ‘ವಿರೂಪಗೊಳಿಸಿದರು’ ಎನ್ನುವುದು ಸರಿ.

ಅಂಕೆ ಮೀರಿದವರು, ಅಸಭ್ಯರು

ಇದು ನಾನೇ ಮಾಡಿದ ತಪ್ಪು. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷಗಳಾಗಿದ್ದವು. ರಾತ್ರಿ ಹನ್ನೊಂದೂವರೆಗೆ ಸುದ್ದಿಸಂಸ್ಥೆಯ ಪ್ರತಿಯೊಂದು ಬಂತು. ವಿಮಾನದಲ್ಲಿ ಒಬ್ಬ ಪ್ರಯಾಣಿಕ ಆಸನದ ವಿಷಯಕ್ಕೆ ಸಿಬ್ಬಂದಿಯ ಜೊತೆ ಕೂಗಾಡಿ, ಬೆಲ್ಟ್ ಹಾಕಿಕೊಳ್ಳಲು ಒಪ್ಪದೆ, ಇಳಿದ ಮೇಲೆ ಪೊಲೀಸರ ವಶವಾಗಿದ್ದ. ಇಂಗ್ಲಿಷಿನಲ್ಲಿ ‘ಅನ್‌ರೂಲಿ’ ಎಂದಿತ್ತು. ನಾನು ‘ವಿಮಾನದಲ್ಲಿ ಅಸಭ್ಯ ವರ್ತನೆ: ಪ್ರಯಾಣಿಕ ವಶಕ್ಕೆ’ ಎಂದು ತಲೆಬರಹ ಕೊಟ್ಟು ಪುಟ ಕಳುಹಿಸಿದೆ. ಮರುದಿನ ಮಧ್ಯಾಹ್ನ ಕಚೇರಿಗೆ ಆ ಪ್ರಯಾಣಿಕನ ಅಣ್ಣ ಫೋನ್ ಮಾಡಿದರು. ಸಿಟ್ಟಿನಿಂದ ಮಾತಾಡಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವರು ಮೆಲ್ಲಗೆ, ‘ಸ್ವಾಮಿ, ನನ್ನ ತಮ್ಮ ಯಾವ ಹೆಣ್ಣುಮಗಳ ಮೈ ಮುಟ್ಟಿಲ್ಲ. ಸೊಸೆಯ ತವರಿನವರು ಪೇಪರ್ ಹಿಡಿದುಕೊಂಡು ಬಂದು ಕೂತಿದ್ದಾರೆ’ ಎಂದರು.

ಪತ್ರಿಕೆಗಳ ಕನ್ನಡದಲ್ಲಿ ‘ಅಸಭ್ಯ ವರ್ತನೆ’ ಎಂದರೆ ಹೆಣ್ಣಿನೊಂದಿಗೆ ಕೆಟ್ಟದಾಗಿ ನಡೆದುಕೊಂಡ ಎಂದೇ ಓದುಗರು ತಿಳಿಯುತ್ತಾರೆ. ‘ಅನುಚಿತ ವರ್ತನೆ’ಯೂ ಈಗ ಅದೇ ಹಾದಿ ಹಿಡಿದಿದೆ. ನಿಘಂಟಿನಲ್ಲಿ ಸಭ್ಯವಲ್ಲದ್ದೆಲ್ಲ ಅಸಭ್ಯವೇ ಆಗಿರಬಹುದು, ಓದುಗರ ಮನಸ್ಸು ನಿಘಂಟು ತೆರೆದಿಟ್ಟು ಓದುವುದಿಲ್ಲ. ಮರುದಿನದ ಸಂಚಿಕೆಯಲ್ಲಿ ಸ್ಪಷ್ಟನೆ ಹಾಕಿದೆವು. ಸ್ಪಷ್ಟನೆಯನ್ನು ಎಷ್ಟು ಜನ ಓದುತ್ತಾರೆ?

‘ಅನ್‌ರೂಲಿ’ ಎಂದರೆ ನಿಯಮಕ್ಕೆ ಬಗ್ಗದ್ದು. ಕನ್ನಡದಲ್ಲಿ ಅದಕ್ಕೆ ಹೇಳಿ ಮಾಡಿಸಿದ ಪದ ‘ಅಂಕೆ’ಯಲ್ಲಿದೆ. ‘ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು’ ಎಂಬ ಗಾದೆಯ ಅಂಕೆ ಅದೇ. ಅಂಕೆ ಮೀರಿದ ಗುಂಪು, ಅಂಕೆಗೆ ಸಿಗದ ಹುಡುಗ, ಬಾಚಣಿಗೆಗೂ ಅಂಕೆಗೂ ಸಿಗದ ಕೂದಲು ಎಲ್ಲಕ್ಕೂ ಒಗ್ಗುತ್ತದೆ. ವಿಮಾನದ ಪ್ರಕರಣಗಳಿಗೆ ನಾನೀಗ ಬರೆಯುವುದು ‘ಪ್ರಯಾಣಿಕನ ರಂಪಾಟ’ ಎಂದು, ಇಲ್ಲವೇ ನಡೆದದ್ದನ್ನು ನಡೆದಂತೆ ‘ಸಿಬ್ಬಂದಿ ಜೊತೆ ಜಗಳ’ ಎಂದು. ವಿಮಾನಯಾನ ನಿರ್ದೇಶನಾಲಯ 2017ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಇಂಥ ವರ್ತನೆಗೆ ಮೂರು ಹಂತಗಳನ್ನು ಗುರುತಿಸಿದ್ದಾರೆ. ಬಾಯಿಮಾತಿನ ಕಿರುಕುಳ ಮೊದಲನೆಯದು, ಅದಕ್ಕೆ ಮೂರು ತಿಂಗಳವರೆಗೆ ಹಾರಾಟ ನಿಷೇಧ. ಮೈಮೇಲೆ ಕೈಮಾಡುವುದು ಎರಡನೆಯದು, ಆರು ತಿಂಗಳವರೆಗೆ. ಪ್ರಾಣಕ್ಕೆ ಅಪಾಯ ತರುವಂಥದ್ದು ಮೂರನೆಯದು, ಕನಿಷ್ಠ ಎರಡು ವರ್ಷ. ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಅನ್‌ರೂಲಿ’ ಸಾಕಾಗುತ್ತದೆ. ಕನ್ನಡದಲ್ಲಿ ರಂಪಾಟ, ಹಲ್ಲೆ, ದಾಳಿ ಎಂದು ಬೇರೆ ಬೇರೆಯಾಗಿ ಹೇಳುವ ಅನುಕೂಲ ನಮಗಿದೆ, ಬಳಸಿಕೊಳ್ಳಬೇಕು.

ಸದನದ ಸುದ್ದಿಗೂ ಇದೇ ಲೆಕ್ಕ. ಸದಸ್ಯರು ಎದ್ದು ನಿಂತು ಕೂಗಿದರೆ ಗದ್ದಲ, ಎರಡೂ ಕಡೆಯವರು ಕೂಗಿ ಏನೂ ಕೇಳಿಸದಂತಾದರೆ ಕೋಲಾಹಲ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಸಭಾಧ್ಯಕ್ಷರ ಪೀಠದತ್ತ ಹರಿದ ಕಾಗದ ಎಸೆದ ಮೇಲೆ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಲಾಯಿತು. ಅಮಾನತನ್ನು ಮೇ ತಿಂಗಳಲ್ಲಿ ಹಿಂಪಡೆಯಲಾಯಿತು. ಇಂಥ ಕಡೆ ‘ಅಶಿಸ್ತು’ ಸರಿಯಾದ ಪದ. ‘ಪುಂಡಾಟ’, ‘ಗೂಂಡಾಗಿರಿ’ ಎಂಬುದನ್ನು ಎದುರು ಪಕ್ಷದವರು ಹೇಳಿದರೆ ಅವರ ಬಾಯಿಗೇ ಬಿಟ್ಟು, ಉದ್ಧರಣ ಚಿಹ್ನೆಯೊಳಗೆ ಇಡುವುದು ವಾಸಿ.

ದಾಂಧಲೆಯೋ ಆಕ್ರೋಶವೋ

ದಾಂಧಲೆ ಎನ್ನಲು ನನ್ನದು ಒಂದೇ ಪರೀಕ್ಷೆ: ಏನಾದರೂ ಒಡೆದಿದೆಯೇ? ಮರಾಠಿಯ ‘ಧಾಂದಲ್’ ಎಂದರೆ ಗಡಿಬಿಡಿ, ಹಿಂದಿಯ ‘ಧಾಂಧಲಿ’ ಎಂದರೆ ಅಕ್ರಮ, ಮೋಸ. ಕನ್ನಡದ ದಾಂಧಲೆಯಲ್ಲಿ ಗಾಜು ಪುಡಿಯಾಗಬೇಕು, ಕುರ್ಚಿ ಮುರಿಯಬೇಕು.

ತಾಲ್ಲೂಕು ಕೇಂದ್ರದ ವರದಿಗಾರರೊಬ್ಬರು ಒಂದು ಸಂಜೆ ‘ಆಸ್ಪತ್ರೆಯಲ್ಲಿ ಬಂಧುಗಳ ದಾಂಧಲೆ’ ಎಂದು ಸುದ್ದಿ ಕಳುಹಿಸಿದ್ದರು. ಹೆರಿಗೆಯಲ್ಲಿ ಮಗು ತೀರಿಕೊಂಡಿತ್ತು. ಫೋನ್ ಮಾಡಿ, ‘ಏನೇನು ಒಡೆದಿದ್ದಾರೆ?’ ಎಂದು ಕೇಳಿದೆ. ‘ಒಡೆದಿಲ್ಲ ಸರ್. ಅಳುತ್ತ ಕೂಗಾಡಿದ್ದಾರೆ, ವೈದ್ಯರ ಕೊಠಡಿಯ ಬಾಗಿಲು ಬಡಿದಿದ್ದಾರೆ. ಅಜ್ಜಿ ಬಾಗಿಲ ಮುಂದೆ ಬಿದ್ದು ಹೊರಳಾಡುತ್ತಿದ್ದರು’ ಎಂದರು. ಆ ಅಜ್ಜಿಯ ಅಳುವನ್ನು ದಾಂಧಲೆ ಎಂದು ಅಚ್ಚು ಹಾಕುವುದಕ್ಕೆ ನನಗೆ ಕೈ ಬರಲಿಲ್ಲ. ‘ಶಿಶು ಸಾವು: ಬಂಧುಗಳ ಆಕ್ರೋಶ’ ಎಂದು ಬದಲಿಸಿದೆ. ಪದದ ಆಯ್ಕೆ ಇಲ್ಲಿ ಕನಿಕರದ ಮಾತಷ್ಟೇ ಆಗಿರಲಿಲ್ಲ. ಆಸ್ಪತ್ರೆಗಳಲ್ಲಿ ಹಿಂಸೆ ಮತ್ತು ಆಸ್ತಿ ಹಾನಿ ತಡೆಯಲು ರಾಜ್ಯದಲ್ಲಿ 2009ರ ಕಾಯ್ದೆಯಿದೆ. ಅದರಡಿ ದಾಖಲಾಗುವ ಪ್ರಕರಣಕ್ಕೆ ಠಾಣೆಯಲ್ಲಿ ಜಾಮೀನು ಸಿಗುವುದಿಲ್ಲ. ನಾವು ದಾಂಧಲೆ ಎಂದು ಬರೆದ ಕಾಗದದ ತುಂಡು ಯಾರ ವಿರುದ್ಧ ಎಲ್ಲಿ ಬಳಕೆಯಾಗುತ್ತದೋ ಹೇಳಲಾಗದು. ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. ನಿಜಕ್ಕೂ ಯಂತ್ರಗಳನ್ನು ಒಡೆದು ಶುಶ್ರೂಷಕಿಯರನ್ನು ಥಳಿಸಿದಾಗ ‘ಆಕ್ರೋಶ’ ಎಂದು ತೇಲಿಸಿ ಬರೆದರೆ ಪೆಟ್ಟು ತಿಂದವರಿಗೆ ನಾವು ಮಾಡುವ ದ್ರೋಹ ಅದು.

ರಂಪ, ರಂಪಾಟ ಎಂಬಲ್ಲಿ ಒಡೆಯುವುದಿಲ್ಲ, ಹಟ ಮತ್ತು ಕೂಗಾಟ ಇರುತ್ತದೆ. ರಾದ್ಧಾಂತ ಸಣ್ಣ ವಿಷಯವನ್ನು ದೊಡ್ಡದು ಮಾಡುವುದು. ಸಂಸ್ಕೃತದಲ್ಲಿ ರಾದ್ಧಾಂತ ಎಂದರೆ ಸಿದ್ಧಾಂತ, ಸಾಧಿಸಿ ತೋರಿಸಿದ ನಿರ್ಣಯ ಎಂದರ್ಥ. ವಾದ ಮಾಡುವವರ ಗದ್ದಲ ಕೇಳಿ ಕೇಳಿಯೇ ಕನ್ನಡದಲ್ಲಿ ಅದರ ಅರ್ಥ ಹೀಗೆ ತಿರುಗಿತೇನೋ ಎಂದು ನನ್ನ ಊಹೆ. ದುಂಡಾವರ್ತನೆ ಎಂಬ ಸೊಗಸಾದ ಪದ ಈಚೆಗೆ ಕಡಿಮೆಯಾಗುತ್ತಿದೆ. ಅಧಿಕಾರದ, ದುಡ್ಡಿನ ಬಲವಿರುವವನು ‘ನನ್ನನ್ನು ಕೇಳುವವರು ಯಾರು’ ಎಂದು ನಡೆದುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಟೋಲ್ ಸಿಬ್ಬಂದಿಯ ಕೆನ್ನೆಗೆ ಬಾರಿಸಿದ ಪುಢಾರಿಯದು ದುಂಡಾವರ್ತನೆ. ಹಾವಳಿ ಎಂದರೆ ದಿನವೂ ಮುಗಿಯದ ಕಾಟ. ಬೀದಿನಾಯಿ ಹಾವಳಿ, ಕುಡುಕರ ಹಾವಳಿ ಎನ್ನಬಹುದು, ಒಂದು ದಿನದ ಘಟನೆಗೆ ಹಾವಳಿ ಹೊಂದುವುದಿಲ್ಲ.

ಗಲಾಟೆ, ಗಲಭೆ, ದೊಂಬಿ

ಗಲಾಟೆಯನ್ನು ಎಲ್ಲಿ ಬೇಕಾದರೂ ಬಳಸಬಹುದು. ತೊಟ್ಟಿಲ ಮಗುವೂ ಗಲಾಟೆ ಮಾಡುತ್ತದೆ, ಕುಡಿದವರೂ ಮಾಡುತ್ತಾರೆ. ತಮಿಳು, ತೆಲುಗಿನಲ್ಲೂ ಇದೇ ಪದ ಅಲ್ಪಸ್ವಲ್ಪ ಬದಲಾಗಿ ಓಡಾಡುತ್ತಿದೆ. ಗಲಭೆ ಹಾಗಲ್ಲ. ಗಲಭೆ ಎಂದ ಕೂಡಲೇ ಓದುಗ ತನ್ನ ಮಗಳು ಕಾಲೇಜಿನಿಂದ ಮನೆಗೆ ಬಂದಳೇ ಎಂದು ನೋಡುತ್ತಾನೆ, ಅಂಗಡಿಯವನು ಶಟರ್ ಎಳೆಯುತ್ತಾನೆ. ಇಬ್ಬರು ಬೈಕ್ ತಾಗಿದ್ದಕ್ಕೆ ಬಡಿದಾಡಿದ್ದನ್ನು ಗಲಭೆ ಎಂದು ಬರೆಯುವುದು, ಅದರಲ್ಲೂ ಅವರಿಬ್ಬರ ಹೆಸರು ಬೇರೆ ಬೇರೆ ಧರ್ಮವನ್ನು ಸೂಚಿಸುವಾಗ, ಊರಿಗೆ ಬೆಂಕಿ ಇಡುವ ಕೆಲಸ.

ಕಾನೂನು ತಲೆ ಎಣಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಬ್ಬರು ಅಥವಾ ಹೆಚ್ಚು ಜನ ಸಾರ್ವಜನಿಕ ಸ್ಥಳದಲ್ಲಿ ಬಡಿದಾಡಿ ಶಾಂತಿ ಕದಡಿದರೆ 194ನೇ ಸೆಕ್ಷನ್. ಇಂಗ್ಲಿಷಿನ ‘ಅಫ್ರೇ’ ಇದು, ಕನ್ನಡಕ್ಕೆ ‘ಬೀದಿ ಹೊಡೆದಾಟ’ ಎಂದರೆ ಸಾಕು. ಶಿಕ್ಷೆ ಒಂದು ತಿಂಗಳವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐದು ಅಥವಾ ಹೆಚ್ಚು ಜನ ಕಾನೂನು ಒಪ್ಪದ ಉದ್ದೇಶಕ್ಕೆ ಸೇರಿದರೆ ಅಕ್ರಮ ಕೂಟ. ಆ ಕೂಟ ಬಲಪ್ರಯೋಗಕ್ಕೆ ಇಳಿದರೆ 191ನೇ ಸೆಕ್ಷನ್ನಿನ ದೊಂಬಿ. ಕುಡಿದು ಬೀದಿಯಲ್ಲಿ ಒಬ್ಬನೇ ಕಿರಿಕಿರಿ ಮಾಡಿದವನಿಗೆ 355ನೇ ಸೆಕ್ಷನ್ ಇದೆ. 24 ಗಂಟೆವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಸಮುದಾಯ ಸೇವೆ ಮಾಡಿಸಲು ಈಗ ಅವಕಾಶವಿದೆ. ಹಿಂದಿನ ದಂಡ ಸಂಹಿತೆಯಲ್ಲಿ ಇದಕ್ಕೆ ದಂಡ ಹತ್ತು ರೂಪಾಯಿ ಇತ್ತು.

ಸಂತೋಷದ ಗದ್ದಲವನ್ನು ಇವುಗಳ ಜೊತೆ ಸೇರಿಸಬೇಡಿ. ಇಂಗ್ಲಿಷಿನ ‘ಬಾಯ್‌ಸ್ಟರಸ್’ಗೆ ದಕ್ಷಿಣ ಕನ್ನಡದವರ ‘ಗೌಜಿ’ ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ. ಮದುವೆ ಮನೆಯ ಗೌಜಿ, ಜಾತ್ರೆಯ ಗೌಜಿ. ಅದರಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ.

ಹೂಲಿಗನ್

ಇದನ್ನು ಅದರ ಊರಿನಲ್ಲೇ ಇಟ್ಟು ನೋಡಬೇಕು. 1898ರ ಬೇಸಿಗೆಯಲ್ಲಿ ಲಂಡನ್ ಪತ್ರಿಕೆಗಳು ಬೀದಿ ಹುಡುಗರ ತಂಡಗಳ ಬಗ್ಗೆ ಬರೆಯುವಾಗ ಈ ಪದ ಪ್ರಸಿದ್ಧವಾಯಿತು. ಐರಿಷ್ ಮನೆತನದ ಹೆಸರಿನಿಂದ ಬಂತು ಎಂಬುದು ಪ್ರಚಲಿತ ವಿವರಣೆ. ಹಾಗಿದ್ದರೆ ಒಂದಿಡೀ ಮನೆತನದ ಹೆಸರು ಬೈಗುಳವಾಯಿತು. ಆಮೇಲೆ ಪದ ಫುಟ್‌ಬಾಲ್ ಅಭಿಮಾನಿಗಳಿಗೆ ಅಂಟಿಕೊಂಡಿತು. 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಎದುರಾಳಿಗಳ ಮೇಲೆ ನುಗ್ಗಿ, ಗೋಡೆ ಕುಸಿದು 39 ಜನ ಸತ್ತರು. ಇಂಗ್ಲೆಂಡಿನ ಕ್ಲಬ್‌ಗಳನ್ನು ಯುರೋಪಿನ ಟೂರ್ನಿಗಳಿಂದ ಐದು ವರ್ಷ ಹೊರಗಿಟ್ಟರು. ಇಂಥವರಿಗೆ ಕನ್ನಡದಲ್ಲಿ ‘ಪುಂಡ ಅಭಿಮಾನಿಗಳು’ ಎಂಬುದು ತೀರಾ ಹಗುರ, ‘ರೌಡಿಗಳು’ ಎಂಬುದು ದಾರಿ ತಪ್ಪಿಸುವಂಥದ್ದು. ಅವರಲ್ಲಿ ಹಲವರು ವಾರವಿಡೀ ಕೆಲಸಕ್ಕೆ ಹೋಗುವ, ಮನೆ ಮಕ್ಕಳಿರುವ ಜನ. ‘ಹಿಂಸೆಗಿಳಿದ ಅಭಿಮಾನಿಗಳು’ ಎಂದು ಬರೆಯುವುದು ನನ್ನ ಆಯ್ಕೆ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ

ವಿದೇಶದಲ್ಲಿರುವ ಕನ್ನಡಿಗರು ಇಲ್ಲಿ ಎಡವುವುದನ್ನು ಕಂಡಿದ್ದೇನೆ. ಊರಿನ ಜಮೀನಿಗೆ ರೌಡಿಗಳು ನುಗ್ಗಿ ಬೆದರಿಸಿದರು ಎಂದು ಅಲ್ಲಿನ ವಕೀಲರಿಗೆ ‘ರೌಡೀಸ್’ ಎಂದು ಹೇಳಿದರೆ ವಿಷಯದ ಗಾಂಭೀರ್ಯ ಮುಟ್ಟುವುದಿಲ್ಲ. ‘ಥಗ್ಸ್’ ಎನ್ನಬೇಕು. ಅದು ನಮ್ಮ ಠಕ್ಕನೇ ಕಡಲು ದಾಟಿ ಆದ ಪದ. ಬೆದರಿಸಿದ್ದಾರೆ, ಆಯುಧ ತೋರಿಸಿದ್ದಾರೆ ಎಂದು ಬಿಡಿಸಿ ಹೇಳುವುದು ಅದಕ್ಕಿಂತ ಸುರಕ್ಷಿತ.

ಅಲ್ಲಿನ ‘ಡಿಸಾರ್ಡರ್ಲಿ ಕಾಂಡಕ್ಟ್’ ಎಂಬ ಪದಕ್ಕೆ ಬೆಚ್ಚಿ ಬೀಳುವವರೂ ಇದ್ದಾರೆ. ಅದು ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಕ್ರಿಮಿನಲ್ ಅಪರಾಧಕ್ಕಿಂತ ಕೆಳಗಿನ ಉಲ್ಲಂಘನೆ. ಗರಿಷ್ಠ 15 ದಿನಗಳ ಸಜೆ. ಇಂಗ್ಲೆಂಡಿನಲ್ಲಿ ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದರೆ 1967ರ ಕಾಯ್ದೆಯಡಿ ದಂಡ ಮಾತ್ರ. ಹಾಗೆಂದು ವೀಸಾ ಅರ್ಜಿಯಲ್ಲಿ ಮುಚ್ಚಿಡಬಾರದು, ಬಂಧನವಾಗಿತ್ತೇ ಎಂದು ಕೇಳಿದ ಕಡೆ ಹೇಳಲೇಬೇಕು. ಊರಿಗೆ ಫೋನ್ ಮಾಡಿ ತಂದೆ ತಾಯಿಗೆ ತಿಳಿಸುವಾಗ ‘ರೌಡಿಸಂ ಕೇಸು’ ಎನ್ನಬೇಡಿ. ‘ಸಾರ್ವಜನಿಕ ಶಾಂತಿಭಂಗ’ ಎನ್ನಿ. ಅಥವಾ ನೇರವಾಗಿ, ಸ್ನೇಹಿತರ ಜೊತೆ ರಾತ್ರಿ ರಸ್ತೆಯಲ್ಲಿ ಜೋರಾಗಿ ಕೂಗಾಡಿದೆವು, ಪೊಲೀಸರು ಕರೆದುಕೊಂಡು ಹೋದರು ಎಂದು ಹೇಳಿಬಿಡಿ.

ತಂಗಿ ಆ ಚೀಟಿಗೆ ಉತ್ತರ ಬರೆಯಲು ನನ್ನ ಸಹಾಯ ಕೇಳಿದ್ದಳು. ಹುಡುಗನಿಗೆ ಹೇಳಿದ್ದೇವೆ, ಇನ್ನು ಮೇಲೆ ಊಟದ ಹೊತ್ತಿನಲ್ಲಿ ಅವನನ್ನು ಕಿಟಕಿಯ ಪಕ್ಕ ಕೂರಿಸಿದರೆ ಸುಮ್ಮನಿರುತ್ತಾನೆ ಎಂದು ಇಬ್ಬರೂ ಸೇರಿ ಎರಡು ಸಾಲು ಬರೆದೆವು.